ಪುಣೆಯ ಮಲೇರಿಯ ಲಸಿಕೆ ಮಂಜೇಶ್ವರಕ್ಕೆ ಏಕೆ ಬಂದಿಲ್ಲ?

ಬೆಳಿಗ್ಗೆ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ಸಂಜೆ ಊರಿಗೆ ಮರಳುವವರು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಬಹಳ ಮಂದಿ. ದಕ್ಕೆಯ ಕೆಲಸ, ಕಟ್ಟಡದ ಕೆಲಸ, ಕಾಲೇಜು, ಆಸ್ಪತ್ರೆ, ಎಲ್ಲದಕ್ಕೂ ಅದೇ ಪೇಟೆ. ಮಳೆಗಾಲದಲ್ಲಿ ಇವರಲ್ಲಿ ಯಾರಿಗಾದರೂ ಚಳಿ ಹಿಡಿದು, ಮೈ ನಡುಗಿ, ಜ್ವರ ಏರಿದರೆ ಮನೆಯವರಿಗೆ ಮೊದಲು ನೆನಪಾಗುವುದು ಮಲೇರಿಯ. ಅದರ ಬೆನ್ನಿಗೇ ಈಗ ಇನ್ನೊಂದು ಪ್ರಶ್ನೆಯೂ ಏಳುತ್ತದೆ: ಮಲೇರಿಯಕ್ಕೆ ಲಸಿಕೆ ಬಂದಿದೆಯಲ್ಲ, ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನಲ್ಲೇ ತಯಾರಾಗುತ್ತದಲ್ಲ, ಆಫ್ರಿಕದ ಮಕ್ಕಳಿಗೆ ಸಿಗುವುದು ನಮ್ಮ ಊರಿನ ಆರೋಗ್ಯ ಕೇಂದ್ರಕ್ಕೆ ಏಕೆ ಬರುವುದಿಲ್ಲ?

ಚುಟುಕಾಗಿ ಹೇಳುವುದಾದರೆ, ಆ ಲಸಿಕೆ ಒಂದು ಜಾತಿಯ ಮಲೇರಿಯಕ್ಕೆ. ನಮ್ಮ ಕಡೆ ಹೆಚ್ಚಾಗಿ ಕಾಣುವುದು ಇನ್ನೊಂದು ಜಾತಿ. ಆ ಇನ್ನೊಂದು ಜಾತಿಗೆ ಬಳಕೆಯ ಒಪ್ಪಿಗೆ ಪಡೆದ ಲಸಿಕೆ ಜಗತ್ತಿನಲ್ಲಿ ಎಲ್ಲೂ ಇಲ್ಲ. ಏಕಿಲ್ಲ ಎಂಬುದನ್ನು ತಿಳಿಯಬೇಕಾದರೆ ಮಲೇರಿಯದ ಜೀವಿ ನಮ್ಮ ಮೈಯೊಳಗೆ ಏನು ಮಾಡುತ್ತದೆ, ಲಸಿಕೆಯೊಂದನ್ನು ಜನರ ನಡುವೆ ಪರೀಕ್ಷಿಸುವುದು ಹೇಗೆ ಎಂಬೆರಡನ್ನೂ ನೋಡಬೇಕು.

ಒಂದು ಹೆಸರು, ಎರಡು ಕಾಯಿಲೆ

ಮಲೇರಿಯ ತರುವುದು ವೈರಸ್ ಅಲ್ಲ, ಬ್ಯಾಕ್ಟೀರಿಯವೂ ಅಲ್ಲ. ಪ್ಲಾಸ್ಮೋಡಿಯಂ ಎಂಬ ಏಕಕೋಶದ ಪರೋಪಜೀವಿ. ಹೆಣ್ಣು ಅನಾಫಿಲಿಸ್ ಸೊಳ್ಳೆ ಅದನ್ನು ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ದಾಟಿಸುತ್ತದೆ. ಭಾರತದಲ್ಲಿ ಮುಖ್ಯವಾದವು ಎರಡು ಜಾತಿ: ಫಾಲ್ಸಿಪಾರಮ್ ಮತ್ತು ವೈವ್ಯಾಕ್ಸ್.

ಫಾಲ್ಸಿಪಾರಮ್ ಕೊಲ್ಲುವ ಜಾತಿ. ಸೋಂಕಿದ ಕೆಂಪು ರಕ್ತಕಣಗಳು ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಂಡು ಮಿದುಳು, ಮೂತ್ರಪಿಂಡಗಳಿಗೆ ರಕ್ತ ಹೋಗದಂತೆ ಮಾಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಮಲೇರಿಯದಿಂದ ಸತ್ತವರು 5,97,000 ಮಂದಿ. ಅದರಲ್ಲಿ ನೂರಕ್ಕೆ 95 ಸಾವು ಆಫ್ರಿಕ ವಲಯದ್ದು, ಆ ವಲಯದಲ್ಲಿ ಸತ್ತವರಲ್ಲಿ ಮುಕ್ಕಾಲು ಪಾಲು ಐದು ವರ್ಷದೊಳಗಿನ ಮಕ್ಕಳು. ಲಸಿಕೆಯ ಹಣ, ಮಿದುಳು, ಶ್ರಮ ಎಲ್ಲವೂ ಮೊದಲು ಫಾಲ್ಸಿಪಾರಮ್ ಕಡೆಗೆ ಹರಿದದ್ದು ಇದೇ ಕಾರಣಕ್ಕೆ. ಅದು ಸರಿಯಾದ ಆಯ್ಕೆಯೇ ಆಗಿತ್ತು.

ಮಂಗಳೂರಿನ ಮಲೇರಿಯದಲ್ಲಿ ಹೆಚ್ಚಿನ ಪಾಲು ವೈವ್ಯಾಕ್ಸ್. ಅದನ್ನು ಹರಡುವ ಅನಾಫಿಲಿಸ್ ಸ್ಟೆಫೆನ್ಸಿ ಸೊಳ್ಳೆ ಚರಂಡಿಯ ಕೊಳಕು ನೀರಿಗಿಂತ ತಿಳಿನೀರನ್ನು ಬಯಸುತ್ತದೆ. ತಾರಸಿಯ ಮೇಲಿನ ಮುಚ್ಚಳವಿಲ್ಲದ ಟ್ಯಾಂಕ್, ಬಾವಿ, ಕಾಂಕ್ರೀಟ್ ಒಣಗದಿರಲೆಂದು ಕಟ್ಟಿ ನಿಲ್ಲಿಸಿದ ನೀರು, ಇವು ಅದರ ತೊಟ್ಟಿಲು. ವೈವ್ಯಾಕ್ಸ್ ಸಾವು ತರುವುದು ಕಡಿಮೆ, ಆದರೆ ಅದಕ್ಕೊಂದು ದುರ್ಗುಣವಿದೆ. ಜ್ವರ ಬಿಟ್ಟು, ಮನುಷ್ಯ ಎದ್ದು ಕೆಲಸಕ್ಕೆ ಹೋದ ಮೇಲೂ ಅದು ಯಕೃತ್ತಿನಲ್ಲಿ ನಿದ್ದೆ ಮಾಡಿಕೊಂಡು ಉಳಿಯಬಲ್ಲುದು. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಹೊಸ ಸೊಳ್ಳೆ ಕಚ್ಚದೆಯೇ ಮತ್ತೆ ಜ್ವರ. ಈ ನಿದ್ದೆಯ ವಿಷಯಕ್ಕೆ ಮುಂದೆ ಮತ್ತೆ ಬರಬೇಕಾಗುತ್ತದೆ, ಏಕೆಂದರೆ ಲಸಿಕೆ ಮಾಡುವವರ ಲೆಕ್ಕವನ್ನೆಲ್ಲ ಕೆಡಿಸುವುದು ಅದೇ.

ಒಬ್ಬನೇ ವೇಷಧಾರಿ, ರಾತ್ರಿಗೆ ನಾಲ್ಕು ವೇಷ

ದಡಾರದ ವೈರಸ್ ಮೈಯೊಳಗೆ ಬಂದಾಗಿನಿಂದ ಹೋಗುವ ತನಕ ಒಂದೇ ರೂಪದಲ್ಲಿರುತ್ತದೆ. ಅದರ ಹೊರಮೈಯ ಗುರುತನ್ನು ಮೈಗೆ ಒಮ್ಮೆ ಕಲಿಸಿಕೊಟ್ಟರೆ ಸಾಕು. ಮಲೇರಿಯದ ಜೀವಿ ಹಾಗಲ್ಲ. ಯಕ್ಷಗಾನದ ಚೌಕಿಯಲ್ಲಿ ಒಬ್ಬನೇ ಕಲಾವಿದ ಸಂಜೆಗೊಂದು, ನಡುರಾತ್ರಿಗೊಂದು, ಬೆಳಗಿನ ಜಾವಕ್ಕೊಂದು ವೇಷ ಕಟ್ಟಿ ರಂಗಕ್ಕೆ ಬಂದರೆ, ಮೊದಲ ವೇಷವನ್ನಷ್ಟೇ ನೋಡಿದವನಿಗೆ ಕೊನೆಯ ವೇಷದಲ್ಲಿ ಅವನ ಗುರುತು ಹತ್ತುವುದಿಲ್ಲ. ನಮ್ಮ ರೋಗನಿರೋಧಕ ವ್ಯವಸ್ಥೆಯ ಪಾಡೂ ಅದೇ.

ಮೊದಲ ವೇಷ ಸ್ಪೋರೋಜಾಯಿಟ್. ಸೊಳ್ಳೆಯ ಜೊಲ್ಲಿನೊಂದಿಗೆ ಚರ್ಮದೊಳಕ್ಕೆ ಇಳಿಯುವ, ದಾರದ ತುಣುಕಿನಂಥ ರೂಪ. ಒಂದು ಕಚ್ಚಿಗೆ ಇಳಿಯುವುದು ಹತ್ತರಿಂದ ನೂರರ ಆಸುಪಾಸಿನಷ್ಟು ಮಾತ್ರ. ಅರ್ಧ ಗಂಟೆಯಿಂದ ಕೆಲವು ಗಂಟೆಗಳೊಳಗೆ ಅವು ರಕ್ತದ ದಾರಿಯಲ್ಲಿ ಯಕೃತ್ತನ್ನು ಸೇರಿ ಅದರ ಕೋಶದೊಳಗೆ ಅಡಗುತ್ತವೆ. ಎರಡನೆಯ ಘಟ್ಟ ಆ ಯಕೃತ್ತಿನಲ್ಲಿ: ಸುಮಾರು ಒಂದು ವಾರ ಸದ್ದಿಲ್ಲದೆ ಬೆಳೆದು ಒಂದೊಂದು ಸ್ಪೋರೋಜಾಯಿಟ್ ಹತ್ತಾರು ಸಾವಿರ ಮರಿಗಳಾಗಿ ಒಡೆಯುತ್ತದೆ. ಈ ಮರಿಗಳು, ಅಂದರೆ ಮೆರೋಜಾಯಿಟ್‌ಗಳು, ಮೂರನೆಯ ವೇಷ. ಇವು ಕೆಂಪು ರಕ್ತಕಣಗಳಿಗೆ ನುಗ್ಗಿ, ಪ್ರತಿ 48 ಗಂಟೆಗೊಮ್ಮೆ ಕಣ ಒಡೆದು ಹೊರಬಂದು, ಮತ್ತೆ ಹೊಸ ಕಣಕ್ಕೆ ನುಗ್ಗುತ್ತವೆ. ಚಳಿ, ನಡುಕ, ಜ್ವರ ಈ ಘಟ್ಟದ್ದು. ಕೆಲವು ಗಂಡು-ಹೆಣ್ಣು ರೂಪ ತಾಳಿ ಮುಂದಿನ ಸೊಳ್ಳೆಗಾಗಿ ಕಾಯುತ್ತವೆ. ಅದು ನಾಲ್ಕನೆಯ ವೇಷ.

ಪ್ರತಿ ಘಟ್ಟದಲ್ಲೂ ಹೊರಮೈಯ ಪ್ರೋಟೀನು ಬೇರೆ. ಕೋವಿಡ್ ವೈರಸ್ ತಯಾರಿಸುವ ಪ್ರೋಟೀನುಗಳು ಸುಮಾರು ಮೂವತ್ತು; ಫಾಲ್ಸಿಪಾರಮ್‌ಗೆ ಐದು ಸಾವಿರಕ್ಕಿಂತ ಹೆಚ್ಚು ಜೀನುಗಳಿವೆ, ಅಂದರೆ ಪ್ರೋಟೀನು ತಯಾರಿಸುವ ಸೂತ್ರಗಳು. ರಕ್ತಕಣದೊಳಗಿರುವಾಗ ಅದು ಕಣದ ಮೇಲ್ಮೈಯಲ್ಲಿ ಹೊರಚಾಚುವ ಒಂದು ಪ್ರೋಟೀನಿಗೆ ಸುಮಾರು 60 ಬಗೆಯ ಜೀನುಗಳನ್ನು ಇಟ್ಟುಕೊಂಡಿದೆ. ಒಂದಕ್ಕೆ ಪ್ರತಿಕಾಯ (ರೋಗದ ಜೀವಿಯನ್ನು ಗುರುತಿಸಿ ಹಿಡಿಯಲು ಮೈ ತಯಾರಿಸುವ ಪ್ರೋಟೀನು) ಹುಟ್ಟುವಷ್ಟರಲ್ಲಿ ಇನ್ನೊಂದನ್ನು ಹೊರತೆಗೆಯುತ್ತದೆ. ಆಫ್ರಿಕದ ಹಳ್ಳಿಗಳಲ್ಲಿ ಹುಟ್ಟಿ ಬೆಳೆದು, ನೂರಾರು ಬಾರಿ ಕಚ್ಚಿಸಿಕೊಂಡವರಿಗೂ ಪೂರ್ತಿ ರಕ್ಷಣೆ ಬರುವುದಿಲ್ಲ. ಜ್ವರ ಜೋರಾಗಿ ಏರುವುದಿಲ್ಲ, ಅಷ್ಟೇ. ಊರು ಬಿಟ್ಟು ಕೆಲವು ವರ್ಷ ಹೊರಗಿದ್ದರೆ ಅದೂ ಸವೆಯುತ್ತದೆ. ದಡಾರ ಒಮ್ಮೆ ಬಂದುಹೋದರೆ ಜೀವಮಾನವಿಡೀ ರಕ್ಷಣೆ, ಹಾಗಾಗಿ ಲಸಿಕೆ ನಿಸರ್ಗವನ್ನು ಅನುಕರಿಸಿದರೆ ಸಾಕು. ಮಲೇರಿಯದಲ್ಲಿ ಲಸಿಕೆ ನಿಸರ್ಗವನ್ನು ಮೀರಿಸಬೇಕು.

ಈಗಿರುವ ಎರಡು ಲಸಿಕೆ ಹಿಡಿಯುವುದು ಎಲ್ಲಿ

ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಲಸಿಕೆಗಳು ಎರಡು. ಆರ್‌ಟಿಎಸ್,ಎಸ್ ಎಂಬುದು ಗ್ಲ್ಯಾಕ್ಸೊಸ್ಮಿತ್‌ಕ್ಲೈನ್ ಕಂಪೆನಿಯದ್ದು. ಕೆಲಸ ಶುರುವಾದದ್ದು 1980ರ ದಶಕದಲ್ಲಿ, ಶಿಫಾರಸು ಸಿಕ್ಕಿದ್ದು 2021ರ ಅಕ್ಟೋಬರ್ 6ರಂದು. ಆರ್21 ಎಂಬುದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ರೂಪಿಸಿ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸುವುದು; ಅದಕ್ಕೆ 2023ರ ಅಕ್ಟೋಬರ್ 2ರಂದು ಶಿಫಾರಸು ಸಿಕ್ಕಿತು.

ಎರಡೂ ಹಿಡಿಯುವುದು ಮೊದಲ ವೇಷವನ್ನು. ಫಾಲ್ಸಿಪಾರಮ್ ಸ್ಪೋರೋಜಾಯಿಟ್‌ನ ಮೈತುಂಬ ಹೊದಿಕೆಯಂತಿರುವ ಸಿಎಸ್‌ಪಿ ಎಂಬ ಪ್ರೋಟೀನಿನ ಒಂದು ತುಂಡನ್ನು ಯೀಸ್ಟ್ ಕೋಶಗಳಲ್ಲಿ ಬೆಳೆಸುತ್ತಾರೆ. ಒಂಟಿ ತುಂಡನ್ನು ಚುಚ್ಚಿದರೆ ಮೈ ಗಮನವನ್ನೇ ಕೊಡುವುದಿಲ್ಲ. ಹಾಗಾಗಿ ಅದನ್ನು ಹೆಪಟೈಟಿಸ್ ಬಿ ಲಸಿಕೆಯ ಪ್ರೋಟೀನಿಗೆ ಬೆಸೆಯುತ್ತಾರೆ. ಆ ಪ್ರೋಟೀನು ತಾನಾಗಿ ಉಂಡೆಗಟ್ಟಿ ವೈರಸ್‌ನಂಥ ಕಣವಾಗುತ್ತದೆ. ಜೊತೆಗೆ ಮೈಯನ್ನು ಎಚ್ಚರಿಸುವ ಒಂದು ಸಹಾಯಕ ದ್ರವ್ಯ ಬೇಕು. ಎರಡೂ ಲಸಿಕೆಗಳ ಸಹಾಯಕ ದ್ರವ್ಯದಲ್ಲಿರುವುದು ದಕ್ಷಿಣ ಅಮೆರಿಕದ ಚಿಲಿ ದೇಶದ ಕ್ವಿಲಾಯಾ ಮರದ ತೊಗಟೆಯ ಸಪೋನಿನ್. ಅಂಟುವಾಳಕಾಯಿ ತಿಕ್ಕಿದಾಗ ನೊರೆ ಬರಿಸುವ ವಸ್ತುವಿನ ಕುಟುಂಬದ್ದೇ ಅದು. ಒಂದು ಲಸಿಕೆಯ ಉತ್ಪಾದನೆ ದೂರದ ಒಂದು ಮರದ ತೊಗಟೆಯನ್ನು ನೆಚ್ಚಿಕೊಂಡಿರುವುದು ಸಣ್ಣ ವಿಷಯವಲ್ಲ.

ಈಗ ತೊಡಕು ನೋಡಿ. ಪ್ರತಿಕಾಯಗಳಿಗೆ ಸಿಗುವ ಸಮಯ ಚರ್ಮದಿಂದ ಯಕೃತ್ತಿನವರೆಗಿನ ಆ ಅಲ್ಪ ದಾರಿ ಮಾತ್ರ. ಐವತ್ತು ಸ್ಪೋರೋಜಾಯಿಟ್‌ಗಳಲ್ಲಿ 49ನ್ನು ತಡೆದು ಒಂದನ್ನು ಬಿಟ್ಟರೂ, ಉಳಿದ ಆ ಒಂದು ಸುಮಾರು ವಾರದೊಳಗೆ ಹತ್ತಾರು ಸಾವಿರವಾಗುತ್ತದೆ. ಆಮೇಲಿನ ವೇಷ ಬೇರೆ, ಈ ಪ್ರತಿಕಾಯಗಳಿಗೆ ಅದರ ಗುರುತಿಲ್ಲ. ತಡೆದರೆ ಪೂರ್ತಿ ತಡೆಯಬೇಕು ಎಂಬ ಕಠಿಣ ಷರತ್ತು ಇದು. ಅದಕ್ಕಾಗಿ ರಕ್ತದಲ್ಲಿ ಪ್ರತಿಕಾಯದ ಮಟ್ಟ ಯಾವಾಗಲೂ ಬಹಳ ಮೇಲಿರಬೇಕು.

ಅದು ಮೇಲೆ ನಿಲ್ಲುವುದಿಲ್ಲ. ಮಳೆಗೆ ಮುಂಚೆ ಅಡಕೆಗೆ ಬೋರ್ಡೋ ಮದ್ದು ಬಿಟ್ಟ ಕೃಷಿಕರಿಗೆ ಇದನ್ನು ವಿವರಿಸಬೇಕಿಲ್ಲ. ಮದ್ದಿನ ಲೇಪ ಗೊನೆಯ ಮೇಲೆ ಇರುವಷ್ಟು ದಿನ ಕೊಳೆರೋಗ ಹತ್ತಿರ ಸುಳಿಯುವುದಿಲ್ಲ. ಮಳೆಗೆ ಲೇಪ ತೊಳೆದುಹೋದರೆ ನಲವತ್ತು ದಿನದ ಸುಮಾರಿಗೆ ಎರಡನೆಯ ಸಲ ಬಿಡಲೇಬೇಕು. ಮಲೇರಿಯ ಲಸಿಕೆಯ ಪ್ರತಿಕಾಯವೂ ಮೊದಲ ತಿಂಗಳುಗಳಲ್ಲಿ ದಟ್ಟವಾಗಿದ್ದು ಬೇಗನೆ ತೆಳುವಾಗುತ್ತದೆ. ಆದ್ದರಿಂದಲೇ ಐದು ತಿಂಗಳ ವಯಸ್ಸಿನಿಂದ ತಿಂಗಳಿಗೊಂದರಂತೆ ಮೂರು ಡೋಸ್, ಅದಾದ ಸುಮಾರು ಒಂದು ವರ್ಷಕ್ಕೆ ನಾಲ್ಕನೆಯದು. ಮಕ್ಕಳ ಮಾಮೂಲಿ ಚುಚ್ಚುಮದ್ದು ಆರು, ಹತ್ತು, ಹದಿನಾಲ್ಕನೆಯ ವಾರಕ್ಕೆ, ಆಮೇಲೆ ಒಂಬತ್ತನೆಯ ತಿಂಗಳಿಗೆ. ಮಲೇರಿಯ ಲಸಿಕೆಯ ತಾರೀಕುಗಳು ಇದರೊಂದಿಗೆ ಪೂರ್ತಿ ಹೊಂದುವುದಿಲ್ಲ. ತಾಯಿ ಮಗುವನ್ನು ಎತ್ತಿಕೊಂಡು ಹೆಚ್ಚುವರಿ ಸಲ ನಡೆಯಬೇಕು. ನಾಲ್ಕನೆಯ ಡೋಸಿಗೆ ಬರುವವರ ಸಂಖ್ಯೆ ಎಲ್ಲ ಕಡೆಯೂ ಇಳಿಯುತ್ತದೆ.

ಇನ್ನೂ ಎಳೆಯ ವಯಸ್ಸಿನಲ್ಲೇ, ಆರರಿಂದ ಹನ್ನೆರಡು ವಾರದ ಶಿಶುಗಳಿಗೆ ಮಾಮೂಲಿ ಚುಚ್ಚುಮದ್ದಿನ ಜೊತೆಗೇ ಕೊಟ್ಟರೆ ಆಗದೇ ಎಂದು ಪರೀಕ್ಷಿಸಿಯೂ ಆಗಿದೆ. ರಕ್ಷಣೆ ಮತ್ತಷ್ಟು ಕಡಿಮೆ ಬಂತು.

ಪ್ರಯೋಗದ ಲೆಕ್ಕ

ಪ್ರಯೋಗಾಲಯ ದಾಟಿದ ಲಸಿಕೆ ಮನುಷ್ಯರಲ್ಲಿ ಮೂರು ಹಂತ ಹಾಯಬೇಕು. ಮೊದಲ ಹಂತದಲ್ಲಿ ಕೆಲವೇ ಹತ್ತು ಮಂದಿ ಆರೋಗ್ಯವಂತ ವಯಸ್ಕರು, ನೋಡುವುದು ಸುರಕ್ಷತೆಯನ್ನು. ಎರಡನೆಯದರಲ್ಲಿ ನೂರಾರು ಮಂದಿ; ಎಷ್ಟು ಡೋಸ್, ಎಷ್ಟು ಅಂತರ ಎಂಬುದು ತಿಳಿಯುತ್ತದೆ. ಮೂರನೆಯದರಲ್ಲಿ ಸಾವಿರಾರು ಮಂದಿ. ಕಾಯಿಲೆ ನಿಜಕ್ಕೂ ಕಡಿಮೆಯಾಯಿತೇ ಎಂಬ ಪ್ರಶ್ನೆ. ಲಸಿಕೆ ಬೇಕಾಗಿರುವುದು ಪುಟ್ಟ ಮಕ್ಕಳಿಗೆ. ಆದರೆ ಅವರಿಂದ ಶುರುಮಾಡುವಂತಿಲ್ಲ. ವಯಸ್ಕರು, ದೊಡ್ಡ ಮಕ್ಕಳು, ಶಿಶುಗಳು ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಪ್ರತಿ ಮೆಟ್ಟಿಲಿಗೂ ವರ್ಷಗಳು ಹಿಡಿಯುತ್ತವೆ.

ಮೂರನೆಯ ಹಂತದಲ್ಲಿ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡುತ್ತಾರೆ. ಒಂದಕ್ಕೆ ಮಲೇರಿಯ ಲಸಿಕೆ, ಇನ್ನೊಂದಕ್ಕೆ ಬೇರೆ ಯಾವುದೋ ಲಸಿಕೆ. ಆರ್21 ಪ್ರಯೋಗದಲ್ಲಿ ಆ ಇನ್ನೊಂದು ಲಸಿಕೆ ಹುಚ್ಚುನಾಯಿ ಕಡಿತದ್ದು. ಬರೀ ಉಪ್ಪುನೀರು ಚುಚ್ಚುವ ಬದಲು ಹೀಗೆ ಮಾಡುವುದು ಆ ಮಕ್ಕಳಿಗೂ ಏನಾದರೂ ಪ್ರಯೋಜನವಾಗಲಿ ಎಂದು. ಯಾವ ಮಗುವಿಗೆ ಯಾವುದು ಹೋಯಿತೆಂದು ಮನೆಯವರಿಗೂ ತಪಾಸಣೆ ಮಾಡುವ ವೈದ್ಯರಿಗೂ ತಿಳಿಯಬಾರದು. ತಿಳಿದರೆ ಮನೆಯವರು ಸೊಳ್ಳೆಪರದೆ ಕಟ್ಟುವುದನ್ನು ಸಡಿಲ ಬಿಡಬಹುದು, ವೈದ್ಯರ ಕಣ್ಣು ಒಂದು ಕಡೆ ವಾಲಬಹುದು.

ಸೊಳ್ಳೆಪರದೆಯನ್ನು ಎರಡೂ ಗುಂಪಿಗೆ ಕೊಡಲೇಬೇಕು. ತಡೆಯುವ ದಾರಿ ಗೊತ್ತಿದ್ದೂ ಮಕ್ಕಳನ್ನು ಕಚ್ಚಿಸಿಕೊಳ್ಳಲು ಬಿಡುವುದು ಅನ್ಯಾಯ. ಆದರೆ ಪರದೆ ಕೊಟ್ಟಷ್ಟೂ, ಕೂಡಲೇ ಚಿಕಿತ್ಸೆ ಕೊಟ್ಟಷ್ಟೂ ಕಾಯಿಲೆ, ಸಾವು ಕಡಿಮೆಯಾಗಿ ಎರಡು ಗುಂಪುಗಳ ನಡುವಿನ ವ್ಯತ್ಯಾಸ ಕಾಣುವುದು ಕಷ್ಟವಾಗುತ್ತದೆ. ಚೆನ್ನಾಗಿ ನಡೆದ ಪ್ರಯೋಗದಲ್ಲಿ ಮಕ್ಕಳು ಸಾಯುವುದು ಕಡಿಮೆ. ಲಸಿಕೆ ಸಾವನ್ನು ತಡೆಯುತ್ತದೆಯೇ ಎಂಬ ಮುಖ್ಯ ಪ್ರಶ್ನೆಗೆ ಪ್ರಯೋಗದೊಳಗೆ ಉತ್ತರ ಸಿಗದೇ ಹೋಗಲು ಇದೂ ಒಂದು ಕಾರಣ.

ಇನ್ನು ಮಲೇರಿಯ ಎಂದರೆ ಯಾವುದನ್ನು ಎಣಿಸಬೇಕು? ಪ್ರಶ್ನೆ ಸರಳವೆನಿಸಿದರೂ ಸರಳವಲ್ಲ. ಮಲೇರಿಯ ಹೆಚ್ಚಿರುವ ಹಳ್ಳಿಯಲ್ಲಿ ಆಟವಾಡಿಕೊಂಡಿರುವ ಮಗುವಿನ ರಕ್ತದಲ್ಲೂ ಈ ಜೀವಿ ಇರುತ್ತದೆ. ಆ ಮಗುವಿಗೆ ನೆಗಡಿಯಿಂದ ಜ್ವರ ಬಂದ ದಿನ ರಕ್ತ ನೋಡಿದರೆ ಮಲೇರಿಯ ಎಂದೇ ಬರುತ್ತದೆ. ಹೀಗೆ ತಪ್ಪು ಎಣಿಕೆ ಸೇರಿಕೊಂಡರೆ ಒಳ್ಳೆಯ ಲಸಿಕೆಯೂ ನಿಷ್ಪ್ರಯೋಜಕವೆಂದು ಕಾಣುತ್ತದೆ. ಆದ್ದರಿಂದ ಆರ್‌ಟಿಎಸ್,ಎಸ್ ಪ್ರಯೋಗದಲ್ಲಿ ಎರಡು ಷರತ್ತು ಇಟ್ಟರು: ಕಂಕುಳಲ್ಲಿ ಜ್ವರ 37.5 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು, ಜೊತೆಗೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ 5,000ಕ್ಕಿಂತ ಹೆಚ್ಚು ಜೀವಿಗಳು. ಎಣಿಸುವುದು ಗಾಜಿನ ಪಟ್ಟಿಯ ಮೇಲೆ ಸವರಿದ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ. 200 ಬಿಳಿ ರಕ್ತಕಣ ಸಿಗುವಷ್ಟರಲ್ಲಿ ಎಷ್ಟು ಜೀವಿ ಸಿಕ್ಕಿತೆಂದು ಎಣಿಸಿ, ಮೈಕ್ರೋಲೀಟರಿಗೆ 8,000 ಬಿಳಿಕಣ ಎಂದು ಹಿಡಿದು, 40ರಿಂದ ಗುಣಿಸುವುದು ವಾಡಿಕೆ. ಒಂದೇ ಪಟ್ಟಿಯನ್ನು ಇಬ್ಬರು ಬೇರೆ ಬೇರೆಯಾಗಿ ಓದಬೇಕು, ಹೊಂದದಿದ್ದರೆ ಮೂರನೆಯವರು. ಬಣ್ಣದ ದ್ರಾವಣ ಹಳತಾಗಿದ್ದರೆ, ಪಟ್ಟಿ ಸರಿಯಾಗಿ ಒಣಗದಿದ್ದರೆ ಕೊಳೆಯನ್ನೇ ಜೀವಿಯೆಂದು ಎಣಿಸುವ ಅಪಾಯವಿದೆ. ಕೋಟಿಗಟ್ಟಲೆ ಹಣದ ಪ್ರಯೋಗ ಕೊನೆಗೆ ನಿಂತಿರುವುದು ಈ ಕಣ್ಣುಗಳ ಮೇಲೆ.

ಎಣಿಕೆ ಮುಗಿದ ಮೇಲಿನ ಗಣಿತ ಹಗುರ. ಲಸಿಕೆ ಸಿಗದ ಗುಂಪಿನಲ್ಲಿ 100 ಸಲ ಮಲೇರಿಯ, ಸಿಕ್ಕಿದ ಅಷ್ಟೇ ದೊಡ್ಡ ಗುಂಪಿನಲ್ಲಿ 25 ಸಲ ಬಂದರೆ ರಕ್ಷಣೆ ಶೇಕಡ 75.

ಕಾಸರಗೋಡಿನಲ್ಲಿ ಇಂಥ ಪ್ರಯೋಗ ನಡೆಸಲು ಏಕೆ ಆಗುವುದಿಲ್ಲವೆಂಬುದೂ ಇದೇ ಗಣಿತದಲ್ಲಿದೆ. ಮಗುವೊಂದಕ್ಕೆ ವರ್ಷಕ್ಕೆ ಸರಾಸರಿ ಒಂದು ಸಲ ಮಲೇರಿಯ ಬರುವ ಆಫ್ರಿಕದ ಹಳ್ಳಿಯಲ್ಲಿ, ಲಸಿಕೆ ಸಿಗದ ಗುಂಪಿನಲ್ಲಿ 100 ಪ್ರಕರಣ ಕಾಣಲು 100 ಮಕ್ಕಳು ಸಾಕು. ಸಾವಿರ ಜನರಲ್ಲಿ ಒಬ್ಬರಿಗೆ ಬರುವ ಊರಲ್ಲಿ ಅದೇ 100 ಪ್ರಕರಣಕ್ಕೆ ಒಂದು ಲಕ್ಷ ಜನ ಬೇಕು, ಲಸಿಕೆಯ ಗುಂಪಿಗೆ ಇನ್ನೊಂದು ಲಕ್ಷ. 2011ರ ಜನಗಣತಿಯಂತೆ ಇಡೀ ಜಿಲ್ಲೆಯ ಜನಸಂಖ್ಯೆ 13 ಲಕ್ಷ ಚಿಲ್ಲರೆ. ಕೇರಳದಲ್ಲಿ ಮಲೇರಿಯದ ಪ್ರಮಾಣ ಸಾವಿರಕ್ಕೊಂದಕ್ಕಿಂತಲೂ ಬಹಳ ಕೆಳಗಿದೆ. 2030ರೊಳಗೆ ಮಲೇರಿಯ ನಿರ್ಮೂಲನೆ ಎಂಬ ದೇಶದ ಗುರಿ ಹತ್ತಿರವಾದಷ್ಟೂ, ಭಾರತದ ಜೀವಿಗಳ ಮೇಲೆ ಲಸಿಕೆಯನ್ನು ಪರೀಕ್ಷಿಸುವ ಅವಕಾಶ ಕಿರಿದಾಗುತ್ತದೆ. ಕಾಯಿಲೆ ಕಡಿಮೆಯಾಗುವುದು ಸಂತೋಷದ ಸಂಗತಿ. ಸಂಶೋಧಕರಿಗೆ ಅದೇ ತೊಡಕು.

36 ಮತ್ತು 75: ಯಾವುದು ದೊಡ್ಡದು?

ಆರ್‌ಟಿಎಸ್,ಎಸ್‌ನ ಮೂರನೆಯ ಹಂತ 2009ರಿಂದ 2014ರವರೆಗೆ ಏಳು ದೇಶಗಳ 11 ಕೇಂದ್ರಗಳಲ್ಲಿ 15,459 ಮಕ್ಕಳೊಂದಿಗೆ ನಡೆಯಿತು. ಐದರಿಂದ ಹದಿನೇಳು ತಿಂಗಳ ಮಕ್ಕಳಲ್ಲಿ ನಾಲ್ಕು ಡೋಸಿಗೆ ನಾಲ್ಕು ವರ್ಷಗಳ ಲೆಕ್ಕದಲ್ಲಿ ಸಿಕ್ಕಿದ ರಕ್ಷಣೆ ಶೇಕಡ 36. ಆರ್21ರ ಮೂರನೆಯ ಹಂತ ಬುರ್ಕಿನಾ ಫಾಸೊ, ಮಾಲಿ, ಕೆನ್ಯಾ, ತಾಂಜಾನಿಯಗಳ 4,800 ಮಕ್ಕಳಲ್ಲಿ; ಮೊದಲ ಒಂದು ವರ್ಷದಲ್ಲಿ ಮಲೇರಿಯ ಮಳೆಗಾಲಕ್ಕೆ ಸೀಮಿತವಾದ ಊರುಗಳಲ್ಲಿ ಶೇಕಡ 75, ವರ್ಷವಿಡೀ ಇರುವ ಊರುಗಳಲ್ಲಿ 68.

ಎರಡನ್ನೂ ಪಕ್ಕಪಕ್ಕ ಇಟ್ಟು ಪುಣೆಯದ್ದು ಎರಡು ಪಟ್ಟು ಒಳ್ಳೆಯದು ಎನ್ನುವ ಹಾಗಿಲ್ಲ. ಒಂದು ನಾಲ್ಕು ವರ್ಷದ ಸರಾಸರಿ, ಇನ್ನೊಂದು ಒಂದು ವರ್ಷದ್ದು. ಮಳೆಗಾಲಕ್ಕೆ ಸ್ವಲ್ಪ ಮುಂಚೆ ಡೋಸ್ ಮುಗಿಸಿದರೆ ಪ್ರತಿಕಾಯ ತುಟ್ಟತುದಿಯಲ್ಲಿರುವಾಗಲೇ ಸೊಳ್ಳೆಯ ಕಾಲ ಬರುತ್ತದೆ. ಅಡಕೆ ಮದ್ದಿನ ಜಾಣ್ಮೆ ಇಲ್ಲೂ ಅದೇ. ಆರ್‌ಟಿಎಸ್,ಎಸ್‌ಗೂ ಮೊದಲ ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ರಕ್ಷಣೆ ಕಂಡಿತ್ತು. ಇವೆರಡನ್ನು ಒಂದೇ ಪ್ರಯೋಗದಲ್ಲಿ ಎದುರುಬದುರು ನಿಲ್ಲಿಸಿದ ಫಲಿತಾಂಶದಿಂದ ಬಂದ ಅಂಕಿಗಳಲ್ಲ ಇವು.

36 ಎಂಬುದೂ ಕಾಣುವಷ್ಟು ಸಣ್ಣದಲ್ಲ. ಆಫ್ರಿಕದಲ್ಲಿ ಒಂದೇ ಮಗುವಿಗೆ ಮತ್ತೆ ಮತ್ತೆ ಮಲೇರಿಯ ಬರುತ್ತದೆ. ಹಾಗಾಗಿ ನಾಲ್ಕು ಡೋಸ್ ಪಡೆದ ಪ್ರತಿ ಸಾವಿರ ಮಕ್ಕಳಿಗೆ ಆ ನಾಲ್ಕು ವರ್ಷಗಳಲ್ಲಿ 1,774 ಸಲದ ಮಲೇರಿಯ ತಪ್ಪಿತು. ಸಾವಿರ ಮಕ್ಕಳಿಗೆ ಸಾವಿರದ ಏಳುನೂರು ಎಂದರೆ ತಪ್ಪು ಮುದ್ರಣವಲ್ಲ.

ಇನ್ನೊಂದು ಕಡೆ ಎಚ್ಚರಿಕೆಯೂ ಇದೆ. ಕೆನ್ಯಾದ ಕಿಲಿಫಿಯಲ್ಲಿ ಆರ್‌ಟಿಎಸ್,ಎಸ್‌ನ ಮೂರು ಡೋಸ್ ಪಡೆದ ಮಕ್ಕಳನ್ನು ಏಳು ವರ್ಷ ಹಿಂಬಾಲಿಸಿ ನೋಡಿದಾಗ ಒಟ್ಟು ರಕ್ಷಣೆ ಶೇಕಡ 4.4ಕ್ಕೆ ಇಳಿದಿತ್ತು. ಲಸಿಕೆಯಿಂದಾಗಿ ಎಳವೆಯಲ್ಲಿ ಸೋಂಕು ಕಡಿಮೆ ತಗಲಿದ ಮಕ್ಕಳಲ್ಲಿ ಸಹಜ ರಕ್ಷಣೆಯೂ ಕಡಿಮೆ ಬೆಳೆದಿರುತ್ತದೆ. ಲಸಿಕೆಯ ಬಲ ಇಳಿದ ಮೇಲೆ ಆ ಬಾಕಿ ತೀರಿಸಬೇಕಾಗುತ್ತದೆ. ಸಾವಿನ ಅಪಾಯ ಹೆಚ್ಚಿರುವ ವಯಸ್ಸನ್ನು ಮಗು ದಾಟಿಬಿಟ್ಟರೆ ಅದೇ ದೊಡ್ಡ ಲಾಭ ಎಂಬುದು ಇದಕ್ಕೆ ಸಿಗುವ ಸಮಂಜಸ ಉತ್ತರ. ಅದನ್ನು ತೋರಿಸಿದ್ದು ಪ್ರಯೋಗವಲ್ಲ, 2019ರಲ್ಲಿ ಮಲಾವಿ, ಘಾನಾ, ಕೆನ್ಯಾಗಳಲ್ಲಿ ಶುರುವಾದ ದೊಡ್ಡ ಪ್ರಮಾಣದ ಬಳಕೆ. ಅಲ್ಲಿ ಲಸಿಕೆಗೆ ಅರ್ಹ ವಯಸ್ಸಿನ ಮಕ್ಕಳಲ್ಲಿ ಎಲ್ಲ ಕಾರಣದ ಸಾವು ಸೇರಿಸಿ ಶೇಕಡ 13ರಷ್ಟು ಇಳಿಕೆ ಕಂಡಿತು.

ಲಸಿಕೆಯಲ್ಲಿರುವ ಸಿಎಸ್‌ಪಿ ತುಂಡನ್ನು ಒಂದು ಪ್ರಯೋಗಾಲಯದ ತಳಿಯಿಂದ ಆರಿಸಿದ್ದು. ಊರಲ್ಲಿ ಹರಡಿರುವ ಜೀವಿಯ ಪ್ರೋಟೀನು ಅದಕ್ಕೆ ಪೂರ್ತಿ ಹೊಂದಿದಾಗ ಮೊದಲ ವರ್ಷದ ರಕ್ಷಣೆ ಶೇಕಡ 50, ಹೊಂದದಿದ್ದಾಗ 33 ಎಂದು 2015ರ ಒಂದು ಜೀನ್ ವಿಶ್ಲೇಷಣೆ ತೋರಿಸಿತು. ಆಫ್ರಿಕದ ಫಲಿತಾಂಶವನ್ನು ಭಾರತದ ಫಾಲ್ಸಿಪಾರಮ್‌ಗೆ ಹಾಗೇ ಎತ್ತಿಟ್ಟುಕೊಳ್ಳಬಾರದು ಎನ್ನುವುದಕ್ಕೆ ಇದೂ ಕಾರಣ.

ಬೇಕೆಂದೇ ಕಚ್ಚಿಸಿಕೊಳ್ಳುವವರು

ಎಷ್ಟು ಪ್ರತಿಕಾಯ ಇದ್ದರೆ ಸಾಕು ಎಂದು ಹೇಳುವ ಒಂದು ಗೆರೆ ಮಲೇರಿಯದಲ್ಲಿಲ್ಲ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡವರ ರಕ್ತ ಪರೀಕ್ಷಿಸಿ ರಕ್ಷಣೆ ಇದೆಯೋ ಇಲ್ಲವೋ ಎನ್ನಬಹುದು. ಮಲೇರಿಯದಲ್ಲಿ ಆ ಅಳತೆಗೋಲು ಇಲ್ಲದ ಕಾರಣ ಪ್ರತಿಯೊಂದು ಹೊಸ ಲಸಿಕೆಯನ್ನೂ ಸೋಂಕಿನ ಎದುರಿಗೇ ನಿಲ್ಲಿಸಿ ನೋಡಬೇಕು.

ಸಾವಿರಾರು ಮಕ್ಕಳ ಪ್ರಯೋಗಕ್ಕೆ ಇಳಿಯುವ ಮುನ್ನ ಇದಕ್ಕೊಂದು ಅಡ್ಡದಾರಿಯಿದೆ. ಕೆಲವು ಹತ್ತು ಮಂದಿ ಆರೋಗ್ಯವಂತ ವಯಸ್ಕರು, ಎಲ್ಲವನ್ನೂ ತಿಳಿದು ಒಪ್ಪಿ, ಸೋಂಕಿದ ಐದು ಸೊಳ್ಳೆಗಳಿರುವ ಡಬ್ಬಿಯ ಮೇಲೆ ತೋಳಿಡುತ್ತಾರೆ. ಬಳಸುವ ತಳಿ ಮಾಮೂಲಿ ಔಷಧಕ್ಕೆ ಬಗ್ಗುವಂಥದ್ದೇ ಆಗಿರಬೇಕು. ಆರೇಳನೆಯ ದಿನದಿಂದ ಅವರ ರಕ್ತವನ್ನು ಪದೇಪದೇ ಪರೀಕ್ಷಿಸಿ, ಜೀವಿ ಕಂಡ ಕೂಡಲೇ ಚಿಕಿತ್ಸೆ ಕೊಡುತ್ತಾರೆ. ಲಸಿಕೆ ಕೆಲಸ ಮಾಡಿದೆಯೇ ಎಂಬುದು ತಿಂಗಳೊಳಗೆ ಗೊತ್ತಾಗುತ್ತದೆ. ಇಂಥ ಅಧ್ಯಯನಗಳಿಗೆ ನೀತಿ ಹೇಗಿರಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2023ರಲ್ಲಿ ಕರಡು ಪ್ರಕಟಿಸಿತು.

ಈ ದಾರಿಗೂ ಮಿತಿಯಿದೆ. ಸ್ವಯಂಸೇವಕರು ಹೆಚ್ಚಾಗಿ ಮಲೇರಿಯವನ್ನೇ ಕಾಣದ ವಯಸ್ಕರು. ಸೋಂಕು ಒಂದೇ ತಳಿಯದ್ದು. ಹಳ್ಳಿಯ ಮಗುವಿಗೆ ಹತ್ತು ತಳಿಯ ಜೀವಿಗಳನ್ನು ಹೊತ್ತ ಸೊಳ್ಳೆಗಳು ವರ್ಷವಿಡೀ ಕಚ್ಚುತ್ತವೆ. ಅಲ್ಲಿ ಗೆದ್ದದ್ದು ಇಲ್ಲಿ ಸೋತ ಉದಾಹರಣೆ ಹಲವಿವೆ. ಒಂದು ಊರಲ್ಲಿ ಗೆದ್ದದ್ದು ಇನ್ನೊಂದು ಊರಲ್ಲಿ ಸೋತದ್ದೂ ಉಂಟು: ಕೊಲಂಬಿಯಾದಲ್ಲಿ ಹುಟ್ಟಿದ ಎಸ್‌ಪಿಎಫ್66 ಎಂಬ ಲಸಿಕೆ 1990ರ ದಶಕದಲ್ಲಿ ತಾಂಜಾನಿಯದಲ್ಲಿ ಶೇಕಡ 31 ರಕ್ಷಣೆ ತೋರಿ ಭರವಸೆ ಹುಟ್ಟಿಸಿತು, ಗ್ಯಾಂಬಿಯಾ, ಥಾಯ್ಲೆಂಡ್‌ಗಳಲ್ಲಿ ಕೈಕೊಟ್ಟಿತು.

ವಿಕಿರಣದಿಂದ ದುರ್ಬಲಗೊಳಿಸಿದ ಇಡೀ ಸ್ಪೋರೋಜಾಯಿಟ್‌ಗಳನ್ನೇ ಲಸಿಕೆಯಾಗಿ ಕೊಡುವ ಪ್ರಯತ್ನವೂ ನಡೆದಿದೆ. ಅದಕ್ಕೆ ಸೊಳ್ಳೆಗಳನ್ನು ಒಂದೊಂದಾಗಿ ಸೀಳಿ ಜೊಲ್ಲುಗ್ರಂಥಿ ತೆಗೆಯಬೇಕು, ನೇರ ರಕ್ತನಾಳಕ್ಕೆ ಕೊಡಬೇಕು. ಕಾಪಿಡುವುದು ದ್ರವ ಸಾರಜನಕದಲ್ಲಿ; ಹಸುವಿಗೆ ಕೃತಕ ಗರ್ಭಧಾರಣೆ ಮಾಡಲು ಬರುವವರು ತರುವ ಹೊಗೆಯಾಡುವ ಕ್ಯಾನಿನಲ್ಲಿರುವಂಥದ್ದೇ. ಸಾಮಾನ್ಯ ಲಸಿಕೆ 2ರಿಂದ 8 ಡಿಗ್ರಿಯ ಫ್ರಿಜ್ಜಿನಲ್ಲಿ ಉಳಿಯುತ್ತದೆಂಬುದನ್ನು ನೆನೆದರೆ ಇದರ ಕಷ್ಟ ತಿಳಿಯುತ್ತದೆ.

ಸುರಕ್ಷತೆ ಮತ್ತು ಒಪ್ಪಿಗೆ

ಆರ್‌ಟಿಎಸ್,ಎಸ್ ಪ್ರಯೋಗದಲ್ಲಿ ಮೂರು ಸಂಗತಿ ಕಳವಳ ತಂದವು. ಲಸಿಕೆ ಪಡೆದ ಗುಂಪಿನಲ್ಲಿ ಮಿದುಳುಪೊರೆಯ ಉರಿಯೂತ ಹೆಚ್ಚು ಕಂಡಿತು, ಮಿದುಳಿಗೇರಿದ ಮಲೇರಿಯ ಹೆಚ್ಚು ಕಂಡಿತು, ಹೆಣ್ಣುಮಕ್ಕಳ ಸಾವು ಹೆಚ್ಚು ಕಂಡಿತು. ಅಪರೂಪದ ಘಟನೆಗಳು ಹದಿನೈದು ಸಾವಿರ ಮಕ್ಕಳಲ್ಲೂ ಬೆರಳೆಣಿಕೆಯಷ್ಟೇ ಆಗುತ್ತವೆ. ಅದು ಲಸಿಕೆಯಿಂದಲೋ ಆಕಸ್ಮಿಕವೋ ಎಂದು ಆ ಸಂಖ್ಯೆಯಿಂದ ಹೇಳಲಾಗದು. ಮುಚ್ಚಿಹಾಕದೆ, ಲಸಿಕೆಯನ್ನು ಕೈಬಿಡದೆ, ಮೂರು ದೇಶಗಳಲ್ಲಿ ಲಕ್ಷಾಂತರ ಮಕ್ಕಳಲ್ಲಿ ಇದನ್ನೇ ಗುರಿಯಿಟ್ಟು ನೋಡಿದರು. ಮೂರೂ ಅಲ್ಲಿ ಮರುಕಳಿಸಲಿಲ್ಲ. ಯುರೋಪಿನ ಔಷಧ ಸಂಸ್ಥೆ 2015ರಲ್ಲೇ ಒಪ್ಪಿದ್ದರೂ ಶಿಫಾರಸಿಗೆ 2021 ಆಗಬೇಕಾಯಿತು ಎಂಬುದರ ಹಿಂದೆ ಈ ಎಚ್ಚರವೂ ಇದೆ. ಆ ಆರು ವರ್ಷವನ್ನು ಬರೀ ವಿಳಂಬ ಎನ್ನುವುದು ಸರಿಯಲ್ಲ, ಆ ಅವಧಿಯಲ್ಲಿ ಸತ್ತ ಮಕ್ಕಳನ್ನು ಮರೆಯುವುದೂ ಸರಿಯಲ್ಲ.

ಗೇರುತೋಟಗಳ ಮೇಲೆ ವರ್ಷಗಟ್ಟಲೆ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದನ್ನು ಕಂಡ ಕಾಸರಗೋಡಿನಲ್ಲಿ ‘ಏನೂ ಆಗುವುದಿಲ್ಲ’ ಎಂಬ ಮಾತು ಪುರಾವೆಯಿಲ್ಲದೆ ನಡೆಯುವುದಿಲ್ಲ. ಅದು ಒಳ್ಳೆಯದೇ. ಭಾರತದಲ್ಲಿ ಲಸಿಕೆ ಪ್ರಯೋಗ ನಡೆಯಬೇಕಾದರೆ ಅದು ಸಾರ್ವಜನಿಕ ನೋಂದಣಿಯಲ್ಲಿರಬೇಕು, ನೈತಿಕ ಸಮಿತಿಯ ಒಪ್ಪಿಗೆ ಇರಬೇಕು, ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ, ಪರಿಹಾರ ಕೊಡಬೇಕು ಎಂದು 2019ರ ನಿಯಮಗಳಿವೆ. ಒಪ್ಪಿಗೆ ಪತ್ರ ಅರ್ಥವಾಗುವ ಭಾಷೆಯಲ್ಲಿರಬೇಕು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಇರುವ ಜಿಲ್ಲೆಯಲ್ಲಿ ಈ ಒಂದು ಷರತ್ತು ಕೂಡ ಚಿಕ್ಕದಲ್ಲ.

ವೈವ್ಯಾಕ್ಸ್ ಏಕೆ ಹಿಂದೆ ಉಳಿಯಿತು

ಫಾಲ್ಸಿಪಾರಮ್‌ನ್ನು ಪ್ರಯೋಗಾಲಯದ ತಟ್ಟೆಯಲ್ಲಿ ನಿರಂತರ ಬೆಳೆಸುವ ವಿಧಾನ 1976ರಿಂದ ಇದೆ. ವೈವ್ಯಾಕ್ಸ್ ಹಾಗೆ ಬೆಳೆಯುವುದಿಲ್ಲ. ಅದು ನುಗ್ಗುವುದು ಎಲುಬಿನ ಮಜ್ಜೆಯಿಂದ ಆಗಷ್ಟೇ ಹೊರಬಂದ ಎಳೆಯ ಕೆಂಪುಕಣಗಳಿಗೆ ಮಾತ್ರ. ರಕ್ತದಲ್ಲಿ ಅವು ನೂರಕ್ಕೆ ಒಂದೆರಡು. ಸಂಶೋಧನೆಗೆ ವೈವ್ಯಾಕ್ಸ್ ಬೇಕೆಂದರೆ ರೋಗಿಯ ರಕ್ತವೇ ಗತಿ. ಸೊಳ್ಳೆಗೆ ಸೋಂಕಿಸಲೂ ಅದೇ.

ನುಗ್ಗಲು ಅದು ಕೆಂಪುಕಣದ ಮೇಲಿನ ಡಫಿ ಎಂಬ ಪ್ರೋಟೀನನ್ನು ಬಾಗಿಲಾಗಿ ಬಳಸುತ್ತದೆ. ಪಶ್ಚಿಮ ಆಫ್ರಿಕದ ಬಹುಪಾಲು ಜನರ ಕಣಗಳ ಮೇಲೆ ಆ ಬಾಗಿಲೇ ಇಲ್ಲ, ಹಾಗಾಗಿ ಅಲ್ಲಿ ವೈವ್ಯಾಕ್ಸ್ ವಿರಳ. ಈ ಬಾಗಿಲಿಗೆ ಅಗುಳಿ ಹಾಕುವ ಲಸಿಕೆಯ ಮೇಲೆ ದೆಹಲಿಯ ಅಂತರರಾಷ್ಟ್ರೀಯ ಜೀನ್ ಎಂಜಿನಿಯರಿಂಗ್ ಕೇಂದ್ರದಲ್ಲಿ ಬಹಳ ವರ್ಷದಿಂದ ಕೆಲಸ ನಡೆದಿದೆ. ಆಕ್ಸ್‌ಫರ್ಡಿನಲ್ಲಿ ಸ್ವಯಂಸೇವಕರ ಮೇಲೆ ಅದನ್ನು ಪರೀಕ್ಷಿಸಿದಾಗ ರಕ್ತದಲ್ಲಿ ಜೀವಿ ಹೆಚ್ಚುವ ವೇಗ ಸರಾಸರಿ ಅರ್ಧದಷ್ಟು ಇಳಿಯಿತು. ಸೋಂಕು ನಿಲ್ಲಲಿಲ್ಲ, ಆದರೆ ದಾರಿ ಇದೆಯೆಂದು ತೋರಿತು. ಸಿಎಸ್‌ಪಿ ಮಾದರಿಯಲ್ಲೇ ಮಾಡಿದ ಇನ್ನೊಂದು ವೈವ್ಯಾಕ್ಸ್ ಲಸಿಕೆ ಅಮೆರಿಕದ ಪ್ರಯೋಗದಲ್ಲಿ ಯಾರನ್ನೂ ಪೂರ್ತಿ ಕಾಪಾಡಲಿಲ್ಲ. ಕೆಲವರಲ್ಲಿ ಸೋಂಕು ಕಾಣಿಸುವುದು ತಡವಾಯಿತು, ಅಷ್ಟೇ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಭುವನೇಶ್ವರದ ಕೇಂದ್ರ ಆಡ್‌ಫಾಲ್ಸಿವ್ಯಾಕ್ಸ್ ಎಂಬ ಲಸಿಕೆಯನ್ನು ರೂಪಿಸಿ, 2025ರ ಜುಲೈಯಲ್ಲಿ ತಯಾರಿಕೆಗೆ ಕಂಪೆನಿಗಳನ್ನು ಆಹ್ವಾನಿಸಿತು. ಮಜ್ಜಿಗೆ, ಚೀಸ್ ಹುಳಿ ಬರಿಸುವ ಲ್ಯಾಕ್ಟೊಕೊಕಸ್ ಬ್ಯಾಕ್ಟೀರಿಯದಲ್ಲಿ ಬೆಳೆಸುವ ಇದು ಮೊದಲ ವೇಷವನ್ನೂ ಸೊಳ್ಳೆಗೆ ದಾಟುವ ಕೊನೆಯ ವೇಷವನ್ನೂ ಒಟ್ಟಿಗೆ ಹಿಡಿಯುವ ಗುರಿಯದ್ದು. ಹೆಸರೇ ಹೇಳುವಂತೆ ಇದೂ ಫಾಲ್ಸಿಪಾರಮ್‌ಗೆ. ಸೊಳ್ಳೆಗೆ ದಾಟದಂತೆ ತಡೆಯುವ ಲಸಿಕೆಯ ಲಾಭ ಹಾಕಿಸಿಕೊಂಡವರಿಗಿಂತ ನೆರೆಮನೆಯವರಿಗೆ ಹೆಚ್ಚು. ಅದನ್ನು ಅಳೆಯಲು ಒಬ್ಬೊಬ್ಬರಿಗೆ ಚೀಟಿ ಎತ್ತಿದರೆ ಸಾಲದು, ಇಡೀ ಊರುಗಳಿಗೇ ಎತ್ತಬೇಕು. ಊರಿಗೆ ಊರೇ ಲಸಿಕೆ ಹಾಕಿಸಿಕೊಂಡು ಅರ್ಧ ಜನ ಬೆಳಿಗ್ಗೆ ಗಡಿ ದಾಟಿ ಬೇರೆ ಪೇಟೆಯ ಸೊಳ್ಳೆಯಿಂದ ಕಚ್ಚಿಸಿಕೊಂಡು ಬಂದರೆ ಆ ಲೆಕ್ಕ ತಾಳೆಯಾಗದು.

ವೈವ್ಯಾಕ್ಸ್‌ನಲ್ಲಿ ಎಲ್ಲಕ್ಕಿಂತ ಬಿಗಿಯಾದ ಗಂಟು ಯಕೃತ್ತಿನ ಆ ನಿದ್ದೆ. ಪಪುವಾ ನ್ಯೂಗಿನಿಯ ಮಕ್ಕಳಲ್ಲಿ ನಡೆದ ಅಧ್ಯಯನವೊಂದರಲ್ಲಿ ವೈವ್ಯಾಕ್ಸ್ ಸೋಂಕಿನ ಐದರಲ್ಲಿ ಸುಮಾರು ನಾಲ್ಕು ಪಾಲು ಹೊಸ ಕಚ್ಚಿನಿಂದ ಬಂದದ್ದಲ್ಲ, ಹಳೆಯದು ಎದ್ದದ್ದು ಎಂದು ಕಂಡಿತು. ಇದರ ಅರ್ಥ ನೋಡಿ. ಸೊಳ್ಳೆ ಕಚ್ಚಿದಾಗ ಹಿಡಿಯುವ ಲಸಿಕೆ ನೂರಕ್ಕೆ ನೂರು ಕೆಲಸ ಮಾಡಿದರೂ, ಮೊದಲೇ ಒಳಗೆ ಮಲಗಿರುವುದನ್ನು ಅದು ಮುಟ್ಟುವುದಿಲ್ಲ. ಪ್ರಯೋಗದಲ್ಲಿ ಲಸಿಕೆ ಪಡೆದವರಿಗೆ ಮೂರು ತಿಂಗಳಿಗೆ ಜ್ವರ ಬಂದರೆ ಲಸಿಕೆ ಸೋತಿತೋ, ಹಳೆಯ ಸೋಂಕು ಎದ್ದಿತೋ? ಜೀನ್ ಪರೀಕ್ಷೆಯಿಂದಲೂ ಖಚಿತವಾಗಿ ಹೇಳಲು ಬರುವುದಿಲ್ಲ, ಏಕೆಂದರೆ ಮಲಗಿದ್ದದ್ದು ಮೊದಲ ಸಲ ಜ್ವರ ತಂದ ತಳಿಗಿಂತ ಬೇರೆಯದೇ ಇರಬಹುದು.

ಆದ್ದರಿಂದ ಪ್ರಯೋಗಕ್ಕೆ ಸೇರುವವರ ಯಕೃತ್ತನ್ನು ಮೊದಲು ಪ್ರೈಮಾಕ್ವಿನ್ ಕೊಟ್ಟು ಚೊಕ್ಕ ಮಾಡಿಕೊಳ್ಳಬೇಕು. ನಮ್ಮಲ್ಲಿ ವೈವ್ಯಾಕ್ಸ್ ಬಂದವರಿಗೆ ಕ್ಲೋರೋಕ್ವಿನ್ ಮೂರು ದಿನ, ಅದರೊಂದಿಗೆ ಹದಿನಾಲ್ಕು ದಿನ ಕೊಡುವುದು ಇದೇ ಮಾತ್ರೆ. ಜಿ6ಪಿಡಿ ಎಂಬ ಕಿಣ್ವದ ಹುಟ್ಟುಕೊರತೆ ಇರುವವರಲ್ಲಿ ಅದು ಕೆಂಪುಕಣಗಳನ್ನು ಒಡೆಯುತ್ತದೆ. ಗರ್ಭಿಣಿಯರಿಗೂ ಶಿಶುಗಳಿಗೂ ಕೊಡುವಂತಿಲ್ಲ. ಅವರನ್ನು ಬಿಟ್ಟು ಪ್ರಯೋಗ ಮಾಡಿದರೆ ಬರುವ ಫಲಿತಾಂಶ ಅವರಿಗೆ ಅನ್ವಯಿಸುವುದಿಲ್ಲ. ಮೇಲಾಗಿ ನಮ್ಮ ಕಡೆ ವೈವ್ಯಾಕ್ಸ್ ಹಿಡಿಯುವುದು ಬಹುಮಟ್ಟಿಗೆ ದುಡಿಯುವ ವಯಸ್ಸಿನ ಗಂಡಸರನ್ನು. ಶಿಫಾರಸು ಪಡೆದ ಎರಡು ಲಸಿಕೆಗಳ ರಕ್ಷಣೆಯನ್ನು ದೊಡ್ಡ ಪ್ರಯೋಗದಲ್ಲಿ ಅಳೆದು ತೂಗಿದ್ದು ಪುಟ್ಟ ಮಕ್ಕಳಲ್ಲಿ.

ಯಕೃತ್ತಿನಲ್ಲಿ ಮಲಗಿದ ವೈವ್ಯಾಕ್ಸ್‌ನ್ನು ಸದ್ಯಕ್ಕೆ ನಮ್ಮಲ್ಲಿ ತಲುಪುವುದು ಆ ಹದಿನಾಲ್ಕು ದಿನದ ಮಾತ್ರೆಯೇ. ಜ್ವರ ಎರಡು ಮೂರು ದಿನದಲ್ಲೇ ಇಳಿಯುತ್ತದೆ, ಇಳಿಸುವುದು ಕ್ಲೋರೋಕ್ವಿನ್. ಉಳಿದ ದಿನಗಳ ಪ್ರೈಮಾಕ್ವಿನ್ ಯಾವ ಲಕ್ಷಣವನ್ನೂ ಇಳಿಸುವುದಿಲ್ಲವಾದ್ದರಿಂದ ಐದನೆಯ ದಿನಕ್ಕೆ ಮಾತ್ರೆಯ ಹಾಳೆಯನ್ನು ಮಡಚಿಡುವವರು ಬಹಳ. ಅಂಥವರಿಗೆ ಮುಂದಿನ ತಿಂಗಳುಗಳಲ್ಲಿ ಮತ್ತೆ ಚಳಿ ಹಿಡಿದಾಗ, ಆ ಜ್ವರದ ಮೊದಲ ದಿನಕ್ಕೂ ಮುಂಚೆಯೇ ಅವರ ರಕ್ತದಲ್ಲಿ ಸೊಳ್ಳೆಗೆ ದಾಟುವ ರೂಪ ಸಿದ್ಧವಾಗಿರುತ್ತದೆ. ಮನೆಯ ಬಾವಿಯಲ್ಲಿ ಹುಟ್ಟಿದ ಸೊಳ್ಳೆಗೆ ಮಂಗಳೂರಿನವರೆಗೆ ಹೋಗುವ ಅಗತ್ಯವೇ ಬೀಳುವುದಿಲ್ಲ.